ಕಟ್ಟುವುದು

ಮನೆಯ ಕರೆಂಟಿಗೆ ಈಗ ಸೊನ್ನೆ ಬಿಲ್ಲು.
ಮಳಿಗೆಯನ್ನು ಮಾತ್ರ ಮೀಟರು ಬಿಡುವುದಿಲ್ಲ.
ನಂಜುಮಳಿಗೆಯ ಸಂದಿಯಲ್ಲಿ ಆರಡಿ ಎಂಟಡಿ,
ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಒಂದು ಇಸ್ತ್ರಿಪೆಟ್ಟಿಗೆ.
ಸೀರೆ ಸೆರಗಿಗೆ ಕುಚ್ಚು ಕಟ್ಟುವವಳು ನಾನು,
ಬಿಲ್ಲು ಕಟ್ಟುವವನು ಜವರಯ್ಯ.

ಒಂಬತ್ತು ವರ್ಷ ಅವನೇ ಕಟ್ಟಿದ್ದು.
ತಿಂಗಳ ಹನ್ನೆರಡಕ್ಕೆ ಟಿವಿಎಸ್ ನಿಲ್ಲಿಸಿ,
ಇಳಿಯದೆ, ಒಂದು ಕಾಲು ಮೋರಿಯ ಕಲ್ಲಿಗೆ ಊರಿ,
"ತತ್ತವ್ವ ಚೀಟಿಯ" ಅನ್ನುತ್ತಾನೆ.
ಬಿಲ್ಲಿನ ದುಡ್ಡು, ಮೇಲೆ ಹತ್ತು ರೂಪಾಯಿ.
ಸಂಜೆಗೆ ರಸೀತಿ, ರಸೀತಿಯ ಬೆನ್ನಿಗೇ
ಕ್ಯೂನಲ್ಲಿ ಕೇಳಿದ ಸುದ್ದಿ:
ಅಗ್ರಹಾರದಲ್ಲಿ ಯಾರ ಮನೆ ಭೋಗ್ಯಕ್ಕಿದೆ,
ಯಾರ ಮಗಳಿಗೆ ಗಂಡು ಗೊತ್ತಾಯಿತು,
ಅಂದರೆ ನನಗೆ ಎಷ್ಟು ಸೀರೆ ಬಂದೀತು.

ತಂಗಿಯ ಮಗಳು ಮೋನಿಷಾ ಲೆಕ್ಕ ಹಾಕಿದಳು:
ಹನ್ನೆರಡು ಹತ್ಲಿ ನೂರಿಪ್ಪತ್ತು,
ಒಂಬತ್ತು ವರ್ಷಕ್ಕೆ ಸಾವಿರದ ಎಂಬತ್ತು.
"ದೊಡ್ಡಮ್ಮ, ಇದೆಲ್ಲ ಫೋನಲ್ಲಿ ಪುಕ್ಕಟೆ."

ಹಾಕಿಕೊಟ್ಟಳು. ಎರಡು ಆ್ಯಪು.
ಒಂದು ಮೂರು ರೂಪಾಯಿ ಕೇಳುತ್ತದೆ,
ಕೆಳಗೆ ಸಣ್ಣಕ್ಷರದಲ್ಲಿ: ಅನುಕೂಲ ಶುಲ್ಕ.
ಯಾರ ಅನುಕೂಲ ಎಂದು ಬರೆದಿರಲಿಲ್ಲ.
ಇನ್ನೊಂದು ಏನೂ ಕೇಳುವುದಿಲ್ಲ.
ಏನೂ ಕೇಳದವರನ್ನು ಕಂಡರೆ ನನಗೆ
ಮೊದಲಿಂದಲೂ ವಸಿ ಭಯ.

ಆದರೂ ಪುಕ್ಕಟೆಯದರಲ್ಲೇ ಕಟ್ಟಿದೆ.
ಕನ್ನಡಕ ಏರಿಸಿ, ಇಳಿಸಿ, ಆರ್.ಆರ್. ನಂಬರು ಒತ್ತಿದೆ.
ಏಳುನೂರ ಹದಿನಾಲ್ಕು ರೂಪಾಯಿ
ಹಲ್ಲಲ್ಲಿ ದಾರ ಕಡಿದ ಹಾಗೆ ಹೋಯಿತು.
ಪರದೆಯ ಮೇಲೆ ಕೆರೆಯಲೊಂದು ಚೀಟಿ ಬಂತು,
ಉಗುರಲ್ಲಿ ಕೆರೆದೆ:
ಮುಂದಿನ ಸಲ ಅದೃಷ್ಟ.

ಆಮೇಲೆ ಶುರುವಾಯಿತು.
ಮಧ್ಯಾಹ್ನ, ಸೆರಗು ಮೊಣಕಾಲ ಮೇಲೆ ಹರಡಿ
ಮಣಿ ಪೋಣಿಸುವಾಗ ಫೋನು:
"ಮಾದಲಾಂಬಿಕಾ ಮೇಡಂ, ನಿಮ್ಮ ವ್ಯಾಪಾರಕ್ಕೆ
ಎರಡು ಲಕ್ಷ ಸಾಲ ಮಂಜೂರಾಗಿದೆ."
ಆ ಪೂರ್ತಿ ಹೆಸರು ಗೊತ್ತಿದ್ದದ್ದು
ಆಧಾರ್ ಕಾರ್ಡಿಗೆ, ಮತ್ತೆ ತೀರಿಹೋದ ಅಪ್ಪನಿಗೆ.
ಸಾಲದ ಬೆನ್ನಿಗೆ ವಿಮೆ, ವಿಮೆಯ ಬೆನ್ನಿಗೆ ಚಿನ್ನ.
ಇಷ್ಟು ಜನಕ್ಕೆ ಸಂಬಳ ಕೊಟ್ಟು
ನನ್ನ ಬಿಲ್ಲು ಪುಕ್ಕಟೆ ಕಟ್ಟುತ್ತಾರೆಂದರೆ
ನನ್ನದೇ ಏನೋ ಎಲ್ಲೋ ಮಾರಾಟಕ್ಕಿದೆ.
ಏನಿರಬಹುದೆಂದು ಮಳಿಗೆಯೆಲ್ಲ ಕಣ್ಣಾಡಿಸಿದೆ.

ಮುಂದಿನ ಹನ್ನೆರಡಕ್ಕೆ ಜವರಯ್ಯ ಬಂದ.
"ಇನ್ಮೇಲೆ ಬೇಡ" ಎಂದೆ, ಮುಖ ನೋಡದೆ,
ಸೂಜಿಗೆ ದಾರ ಹಾಕುತ್ತ.
ಅವನು ಜೇಬಿಂದ ಫೋನು ತೆಗೆದ.
ಅದೇ ಆ್ಯಪು. ಅದೇ ಪುಕ್ಕಟೆ.
ಎರಡು ವರ್ಷದಿಂದ ರಸೀತಿ ಯಾಕೆ
ಜೆರಾಕ್ಸ್ ಅಂಗಡಿಯ ಕಾಗದದಲ್ಲಿ ಬರುತ್ತಿತ್ತೆಂದು
ಆಗ ಗೊತ್ತಾಯಿತು.

"ಮತ್ತೆ ನನ್ನ ಹತ್ತು ರೂಪಾಯಿ?"
"ಪೆಟ್ರೋಲು ಕಣವ್ವ. ತಾರೀಕ್ನ ನೆನಪಿಟ್ಕಂಡ್ ಬತ್ತೀನಲ್ಲ,
ಅದ್ಕೂ ವಸಿ.
ಆ ಸಾಲದೋರು ನಲವತ್ತು ಅಂಗಡಿದೂ ಸೇರ್ಸಿ
ನನ್ ಒಬ್ನಿಗೇ ಫೋನ್ ಮಾಡ್ತವ್ರೆ.
ಅದ್ಕೂ ವಸಿ ಇರ್ಲಿ ಬುಡಿ."

ಸಿಟ್ಟು ಬರುವುದರಲ್ಲಿತ್ತು,
ಚಾಮುಂಡಿಪುರದಾಕೆ ಮದುವೆ ರೇಷ್ಮೆ ಹಿಡಿದು ಬಂದಳು.
"ಕುಚ್ಚಿಗೆ ಆರುನೂರಾ?
ಯೂಟ್ಯೂಬಲ್ಲಿ ಪುಕ್ಕಟೆ ಹೇಳಿಕೊಡ್ತಾರೆ."
ನಾನು ಮಾತಾಡಲಿಲ್ಲ. ಸೆರಗು ಮಗುಚಿ ತೋರಿಸಿದೆ:
ಕಾಣುವ ಗಂಟಿನ ಹಿಂದೆ
ಯಾರೂ ನೋಡದ ಇನ್ನೊಂದು ಗಂಟು.
ಆಕೆ ಐನೂರ ಐವತ್ತು ಅಂದಳು. ಒಪ್ಪಿದೆ.
ಜವರಯ್ಯ ಕಲ್ಲಿಗೆ ಕಾಲೂರಿಕೊಂಡು
ನೋಡುತ್ತಲೇ ಇದ್ದ.

ಈಗ ಮಳಿಗೆಯ ಕರೆಂಟು ನಾನೇ ಕಟ್ಟುತ್ತೇನೆ,
ಮೂರು ರೂಪಾಯಿ ಕೇಳುವ ಆ್ಯಪಿನಲ್ಲಿ.
ಅದರಿಂದಲೂ ಫೋನು ಬರುತ್ತದೆ, ವಸಿ ಕಮ್ಮಿ.
ಮನೆಯ ನೀರಿನ ಬಿಲ್ಲು ಜವರಯ್ಯನದು.
ಹತ್ತಲ್ಲ, ಎಂಟಕ್ಕೆ ಇಳಿಸಿದ್ದೇನೆ.
ವಾಪಸು ಕೊಡಲು ಎರಡು ರೂಪಾಯಿ ಚಿಲ್ಲರೆ
ಅವನ ಹತ್ತಿರ ಯಾವತ್ತೂ ಇರುವುದಿಲ್ಲ.